ಮಾನಿಟರ್ ಮಿಣುಕುತ್ತಿದೆಯೇ, ಚಿತ್ರವೇ ಹೋಗುತ್ತಿದೆಯೇ? ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

"ಸ್ಕ್ರೀನ್ ಮಿಣುಕ್ ಮಿಣುಕ್ ಮಾಡ್ಲಾಕತ್ತದ್ರಿ, ಮಾನಿಟರ್ ಹೋಯ್ತೇನ್ರಿ?" ಬೇಸಿಗೆ ಶುರುವಾದರೆ ಕಲಬುರಗಿಯ ರಿಪೇರಿ ಅಂಗಡಿಗಳಲ್ಲಿ ಈ ಪ್ರಶ್ನೆ ದಿನಾ ಕೇಳಿಬರುತ್ತದೆ. ಕೇಳುವವರ ಮನಸ್ಸಿನಲ್ಲಿ ತೀರ್ಮಾನ ಆಗಲೇ ಆಗಿರುತ್ತದೆ: ಇನ್ನು ಹೊಸದೇ ತಗೊಳ್ಳಬೇಕು. ಆದರೆ ಹಾಗೆ ಹೊತ್ತು ತಂದ ಮಾನಿಟರುಗಳಲ್ಲಿ ಎಷ್ಟೋ ಮಾನಿಟರುಗಳಿಗೆ ಏನೂ ಆಗಿರುವುದಿಲ್ಲ. ದೋಷ ಇರುವುದು ಸಡಿಲಾದ ಕೇಬಲ್‌ನಲ್ಲಿ, ಸುಟ್ಟು ಕಪ್ಪಾದ ಸಾಕೆಟ್‌ನಲ್ಲಿ, ಇಲ್ಲವೇ ಕಂಪ್ಯೂಟರಿನ ಡ್ರೈವರ್‌ನಲ್ಲಿ, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಪ್ರೋಗ್ರಾಂನಲ್ಲಿ. ಹೊಸ ಮಾನಿಟರ್ ತಂದು ಅದೇ ಕೇಬಲ್ಲಿಗೆ, ಅದೇ ಬೋರ್ಡಿಗೆ ಸಿಕ್ಕಿಸಿದರೆ ಅದೂ ಮಿಣುಕುತ್ತದೆ. ದುಡ್ಡು ಹೋಯಿತು, ದೋಷ ಉಳಿಯಿತು.

ಪರದೆಯ ಮೇಲೆ ಚಿತ್ರ ನಿಲ್ಲಬೇಕಾದರೆ ನಾಲ್ಕು ಸರಿಯಿರಬೇಕು: ಕರೆಂಟು, ಕಂಪ್ಯೂಟರು, ಇವೆರಡರಿಂದ ಮಾನಿಟರಿಗೆ ಬರುವ ಕೇಬಲ್ಲುಗಳು, ಕೊನೆಗೆ ಮಾನಿಟರು. ಇದರಲ್ಲಿ ಯಾವುದು ಕೈಕೊಟ್ಟಿದೆ ಎಂದು ತಿಳಿಯಲು ದುಬಾರಿ ಸಾಮಾನು ಬೇಡ. ಒಂದೇ ನಿಯಮ ಬಿಗಿಯಾಗಿ ಪಾಲಿಸಬೇಕು: ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಕೇಬಲ್ಲೂ ಬದಲಿಸಿ, ಡ್ರೈವರೂ ಹಾಕಿ, ಪ್ಲಗ್ಗನ್ನೂ ಬೇರೆ ಕಡೆ ಸಿಕ್ಕಿಸಿದರೆ, ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ವಾರದ ಮೇಲೆ ಮತ್ತೆ ಬಂದರೆ ಮೊದಲಿನಿಂದ ಹುಡುಕಬೇಕು.

ಮುಟ್ಟುವ ಮೊದಲು ನೋಡಿ

ಚಿತ್ರ ಹೋದ ಕೂಡಲೇ ಮಾನಿಟರಿನ ಪವರ್ ಬಟನ್ ಬಳಿಯ ಸಣ್ಣ ದೀಪ ನೋಡಿ. ಅದು ಪೂರ್ತಿ ಆರಿದ್ದರೆ ಮಾನಿಟರಿಗೆ ಕರೆಂಟೇ ಬರುತ್ತಿಲ್ಲ, ಅಥವಾ ಅದರ ಒಳಗಿನ ಪವರ್ ಸಪ್ಲೈ ಸತ್ತಿದೆ. ದೀಪ ಉರಿಯುತ್ತಿದ್ದು ಪರದೆ ಮೇಲೆ "ನೋ ಸಿಗ್ನಲ್" ಎಂದು ಬಂದರೆ ಮಾನಿಟರ್ ಬದುಕಿದೆ, ಅದಕ್ಕೆ ಚಿತ್ರ ತಲುಪುತ್ತಿಲ್ಲ. ಆಗ ಕೇಬಲ್ ಅಥವಾ ಕಂಪ್ಯೂಟರ್ ಕಡೆ ಹೋಗಿ. "ಔಟ್ ಆಫ್ ರೇಂಜ್" ಅಥವಾ "ಇನ್‌ಪುಟ್ ನಾಟ್ ಸಪೋರ್ಟೆಡ್" ಎಂದು ಬಂದರೆ ಸಿಗ್ನಲ್ ಬರುತ್ತಿದೆ, ಆದರೆ ಮಾನಿಟರಿನ ಅಳತೆ ಮೀರಿದ ರೆಸಲ್ಯೂಶನ್ (ಚಿತ್ರದ ಚುಕ್ಕೆಗಳ ಸಂಖ್ಯೆ) ಅಥವಾ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿ ಮೂಡುತ್ತದೆ ಎಂಬ ಲೆಕ್ಕ) ಕಂಪ್ಯೂಟರಿನಲ್ಲಿ ಸೆಟ್ ಆಗಿದೆ ಎಂದರ್ಥ. ಇದರಲ್ಲಿ ಕೆಟ್ಟಿರುವುದು ಏನೂ ಇಲ್ಲ.

ಇನ್ನೊಂದು ಗಮನಿಸಬೇಕಾದದ್ದು ಹೊತ್ತು. ಆನ್ ಮಾಡಿದ ತಕ್ಷಣ ಮಿಣುಕಿ, ಅರ್ಧ ಗಂಟೆ ಕಾದ ಮೇಲೆ ನಿಲ್ಲುತ್ತದೆಯೇ? ಅಥವಾ ಮೊದಲು ಚೆನ್ನಾಗಿದ್ದು ಬಿಸಿಯಾದ ಮೇಲೆ ಶುರುವಾಗುತ್ತದೆಯೇ? ಟೇಬಲ್ ಅಲುಗಿದಾಗ ಮಾತ್ರವೇ? ಕೂಲರ್ ಆನ್ ಆದಾಗಲೇ? ಒಂದು ಚೀಟಿಯಲ್ಲಿ ಬರೆದಿಡಿ. ಈ ಚೀಟಿ ಮುಂದೆ ನಿಮಗೂ, ರಿಪೇರಿಯವರಿಗೂ ಕೆಲಸಕ್ಕೆ ಬರುತ್ತದೆ.

ಎಲ್ಲಕ್ಕಿಂತ ಉಪಯೋಗದ ಪರೀಕ್ಷೆ: ಮಾನಿಟರಿನ ಮೆನು

ಮಾನಿಟರಿನ ಅಂಚಿನಲ್ಲೋ ಹಿಂದೆಯೋ ಇರುವ ಬಟನ್ ಒತ್ತಿದರೆ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಇರುವ ಮೆನು ತೆರೆಯುತ್ತದೆ. ಈ ಮೆನು ಕಂಪ್ಯೂಟರಿನಿಂದ ಬರುವುದಿಲ್ಲ, ಮಾನಿಟರ್ ತಾನೇ ಬರೆಯುತ್ತದೆ. ಚಿತ್ರ ಮಿಣುಕುವಾಗ ಮೆನು ತೆರೆದು ದಿಟ್ಟಿಸಿ ನೋಡಿ.

ಹಿಂದಿನ ಚಿತ್ರ ಕುಣಿಯುತ್ತಿದ್ದು ಮೆನು ಮಾತ್ರ ಗಟ್ಟಿಯಾಗಿ ನಿಂತಿದ್ದರೆ ದೋಷ ಮಾನಿಟರಿನ ಹೊರಗಿದೆ: ಕೇಬಲ್, ಗ್ರಾಫಿಕ್ಸ್ ಕಾರ್ಡ್ (ಕಂಪ್ಯೂಟರಿನ ಒಳಗೆ ಚಿತ್ರ ತಯಾರಿಸುವ ಭಾಗ), ಡ್ರೈವರ್ ಇವುಗಳಲ್ಲಿ ಒಂದು. ಮೆನುವೂ ಚಿತ್ರದ ಜೊತೆಗೇ ಮಂಕಾಗಿ, ಬೆಳಗಿ, ಆರುತ್ತಿದ್ದರೆ ದೋಷ ಮಾನಿಟರಿನ ಒಳಗೆ ಅಥವಾ ಅದಕ್ಕೆ ಬರುವ ಕರೆಂಟಿನಲ್ಲಿ. ಒಂದೇ ನಿಮಿಷದ ಕೆಲಸ, ಅರ್ಧ ಹುಡುಕಾಟ ಮುಗಿಯಿತು. ರಿಪೇರಿಗೆ ಒಯ್ಯುವ ಮೊದಲು ಪ್ರತಿಯೊಬ್ಬರೂ ಇದನ್ನು ಮಾಡಿ ನೋಡಲೇಬೇಕು ಎನ್ನುವುದು ನನ್ನ ಕಳಕಳಿ.

ಇದನ್ನು ಇನ್ನಷ್ಟು ಖಚಿತ ಮಾಡಿಕೊಳ್ಳಬೇಕೆ? ವಿಡಿಯೋ ಕೇಬಲ್ ತೆಗೆದು ಮಾನಿಟರನ್ನು ಬರೀ ಕರೆಂಟಿನ ಮೇಲೆ ಆನ್ ಮಾಡಿ. "ನೋ ಸಿಗ್ನಲ್" ಅಥವಾ "ಚೆಕ್ ಕೇಬಲ್" ಎಂಬ ಪೆಟ್ಟಿಗೆ ಸ್ವಚ್ಛವಾಗಿ ಕಂಡರೆ ಪರದೆ, ಬೆಳಕು ಎರಡೂ ಸರಿಯಿವೆ. ಮನೆಯಲ್ಲಿ ಎಚ್‌ಡಿಎಂಐ ಇರುವ ಟಿವಿ ಇದ್ದರೆ ಸಿಪಿಯುವನ್ನು ಅದಕ್ಕೆ ಸಿಕ್ಕಿಸಿ ನೋಡಿ. ಟಿವಿಯಲ್ಲೂ ಚಿತ್ರ ಹೋಗಿ ಬಂದು ಮಾಡಿದರೆ ಮಾನಿಟರ್ ಮೇಲೆ ಅನುಮಾನ ಬೇಡ.

ಕರೆಂಟು

ನಮ್ಮ ಭಾಗದಲ್ಲಿ ಏನೇ ಕೆಟ್ಟರೂ "ವೋಲ್ಟೇಜ್ ಕಡಿಮೆ ಅದ" ಎನ್ನುವುದು ರೂಢಿ. ಮಾನಿಟರಿನ ಮಟ್ಟಿಗೆ ಇದು ಅಷ್ಟು ನಿಜವಲ್ಲ. ಹಿಂಬದಿಯ ಲೇಬಲ್ ಅಥವಾ ಅಡಾಪ್ಟರ್ ಮೇಲಿನ ಬರಹ ಓದಿ: ಈಗಿನ ಬಹುತೇಕ ಮಾನಿಟರುಗಳಿಗೆ 100ರಿಂದ 240 ವೋಲ್ಟ್ ನಡೆಯುತ್ತದೆ. ನಮ್ಮ ಮನೆಗೆ ಬರಬೇಕಾದದ್ದು 230 ವೋಲ್ಟ್. ಅದು 190ಕ್ಕೆ ಇಳಿದರೂ ಮಾನಿಟರ್ ತಾಳಿಕೊಳ್ಳುತ್ತದೆ. ಅದು ತಾಳದೇ ಇರುವುದು ಕ್ಷಣಕ್ಷಣಕ್ಕೆ ಕಡಿಯುವ ಕರೆಂಟನ್ನು, ಅಂದರೆ ಲೂಸ್ ಕನೆಕ್ಷನ್ನನ್ನು.

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಡಿಟಿಪಿ ಅಂಗಡಿಯ ಉದಾಹರಣೆ ಹೇಳುತ್ತೇನೆ. ಲಗ್ನಪತ್ರಿಕೆ ಡಿಸೈನ್ ಮಾಡುವ ಜಾಗ, ಪಕ್ಕದಲ್ಲೇ ಜೆರಾಕ್ಸ್ ಮೆಷಿನ್. ಮಾನಿಟರ್ ಆಗಾಗ ಒಂದು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತಿತ್ತು. "ಹೊಸಾ ಕೇಬಲ್ ಹಾಕ್ಸೀನ್ರಿ, ಆದ್ರೂ ಹಂಗೇ ಅದ" ಎಂದರು ಮಾಲೀಕರು. ಸುಮ್ಮನೆ ಕೂತು ನೋಡಿದರೆ, ಜೆರಾಕ್ಸ್ ತೆಗೆಯುವ ಹೊತ್ತಿಗೂ ಪರದೆ ಕಪ್ಪಾಗುವ ಹೊತ್ತಿಗೂ ತಾಳೆ ಇತ್ತು. ಜೆರಾಕ್ಸ್ ಮತ್ತು ಲೇಸರ್ ಪ್ರಿಂಟರ್ ಒಳಗೆ ಕಾಗದಕ್ಕೆ ಪುಡಿಶಾಯಿ ಅಂಟಿಸುವ ಹೀಟರ್ ಇರುತ್ತದೆ. ಅದು ಬಿಸಿ ಕಡಿಮೆಯಾದಾಗಲೆಲ್ಲ ಒಮ್ಮೆಲೇ ಭಾರೀ ಕರೆಂಟ್ ಎಳೆಯುತ್ತದೆ. ಎರಡೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿದ್ದವು. ಆ ಬೋರ್ಡಿನ ಪ್ಲಗ್ ಕಿತ್ತರೆ ಒಂದು ಪಿನ್ನಿನ ಹಿತ್ತಾಳೆ ಬಣ್ಣ ಹೋಗಿ ಕಪ್ಪಾಗಿತ್ತು, ಬುಡದ ಪ್ಲಾಸ್ಟಿಕ್ ಕರಗಿ ಗುಳ್ಳೆ ಎದ್ದಿತ್ತು. ಗೋಡೆಯ ಸಾಕೆಟ್ ಬದಲಿಸಿ, ಜೆರಾಕ್ಸ್‌ಗೆ ಬೇರೆ ಲೈನ್ ಕೊಟ್ಟ ಮೇಲೆ ಮಾನಿಟರ್ ಒಮ್ಮೆಯೂ ಆರಲಿಲ್ಲ.

ಹಾಗಾಗಿ ಈ ಕ್ರಮದಲ್ಲಿ ನೋಡಿ. ಸ್ವಿಚ್ ಆಫ್ ಮಾಡಿ ಮಾನಿಟರಿನ ಪ್ಲಗ್ ಕಿತ್ತು ಪಿನ್ನುಗಳನ್ನು ನೋಡಿ: ಕಪ್ಪು ಕಲೆ, ಕರಗಿದ ಗುರುತು, ಸುಟ್ಟ ವಾಸನೆ ಇದೆಯೇ? ಮಾನಿಟರಿನ ಹಿಂದೆ ಪವರ್ ಕೇಬಲ್ ಕೂರುವ ಜಾಗವೂ ಸಡಿಲಾಗುತ್ತದೆ, ಅದನ್ನು ಒತ್ತಿ ಪೂರ್ತಿ ಕೂರಿಸಿ. ಬಳಿಕ ಎಕ್ಸ್‌ಟೆನ್ಶನ್ ಬೋರ್ಡ್, ಯುಪಿಎಸ್ ಎಲ್ಲ ಬಿಟ್ಟು ಮಾನಿಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಕೊಟ್ಟು ಅರ್ಧ ದಿನ ನಡೆಸಿ. ಮಿಣುಕು ನಿಂತರೆ ಬಿಟ್ಟ ಸಾಮಾನುಗಳನ್ನು ಒಂದೊಂದಾಗಿ ವಾಪಸ್ ಸೇರಿಸುತ್ತ ಹೋಗಿ. ಕಳ್ಳ ಸಿಗುತ್ತಾನೆ.

ಯುಪಿಎಸ್ ಬಗ್ಗೆ ಒಂದು ಮಾತು. ವೋಲ್ಟೇಜ್ ಏರಿಳಿದಾಗ ಅದರ ಒಳಗಿನ ರಿಲೇ, ಅಂದರೆ ತಾನಾಗಿ ಬದಲಾಗುವ ಸ್ವಿಚ್, "ಟಕ್" ಎಂದು ಬದಲಾಗುತ್ತದೆ. ಒಳ್ಳೆಯ ಯುಪಿಎಸ್ ಆಗಿದ್ದರೆ ಈ ಬದಲಾವಣೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿದು ಪರದೆಗೆ ಗೊತ್ತೇ ಆಗುವುದಿಲ್ಲ. ಟಕ್ ಎಂದಾಗಲೆಲ್ಲ ಮಾನಿಟರ್ ಆರಿ ಹತ್ತಿದರೆ ಯುಪಿಎಸ್‌ನ ಬ್ಯಾಟರಿ ಅಥವಾ ರಿಲೇ ಸೋತಿದೆ. ಜೆರಾಕ್ಸ್, ಲೇಸರ್ ಪ್ರಿಂಟರ್ ಇವನ್ನು ಯುಪಿಎಸ್‌ಗೆ ಕೊಡಲೇಬಾರದು.

ಅರ್ಥಿಂಗ್ ಇಲ್ಲದಿದ್ದರೂ ಚಿತ್ರ ಕೆಡುತ್ತದೆ. ಪರದೆಯಲ್ಲಿ ಅಡ್ಡಡ್ಡ ಪಟ್ಟಿಗಳು ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ಸರಿಯುವುದು, ಸಿಪಿಯು ಮುಟ್ಟಿದರೆ ಜುಮ್ ಎನ್ನುವುದು ಇದರ ಲಕ್ಷಣ. ಸಿಪಿಯು ಒಂದು ಬೋರ್ಡಿನಲ್ಲಿ, ಮಾನಿಟರ್ ಇನ್ನೊಂದು ಬೋರ್ಡಿನಲ್ಲಿ ಇದ್ದರೆ ಎರಡನ್ನೂ ಒಂದೇ ಬೋರ್ಡಿಗೆ ತನ್ನಿ, ಎಷ್ಟೋ ಸಲ ಪಟ್ಟಿ ಮಾಯವಾಗುತ್ತದೆ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುವ ಅಭ್ಯಾಸ ಬಿಡಿ. ನಮ್ಮ ಕಪ್ಪು ಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಅರ್ಥ್ ಗುಂಡಿಯೂ ಒಣಗುತ್ತದೆ. ಏಪ್ರಿಲ್, ಮೇನಲ್ಲಿ ಗುಂಡಿಗೆ ಆಗಾಗ ನೀರು ಹಾಕಿ. ಎಲೆಕ್ಟ್ರಿಶಿಯನ್ ಕರೆಸಿ ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳತೆ ಹಿಡಿಸಿ. ಎರಡು ಮೂರು ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ, ಹತ್ತಿಪ್ಪತ್ತು ಇದ್ದರೆ ಅರ್ಥಿಂಗ್ ಸರಿಮಾಡಿಸಿ.

ಒಂದು ಅಪಾಯದ ಸೂಚನೆಯನ್ನು ಇಲ್ಲೇ ಹೇಳಬೇಕು. ಮಾನಿಟರ್ ಮಿಣುಕುವ ಹೊತ್ತಿಗೆ ಮನೆಯ ಕೆಲವು ಬಲ್ಬು ಅತಿಯಾಗಿ ಬೆಳಗಿ, ಕೆಲವು ಮಂಕಾದರೆ ನ್ಯೂಟ್ರಲ್ ಕಡಿದಿರುವ ಅಥವಾ ಸಡಿಲಾಗಿರುವ ಸಂಭವ ಹೆಚ್ಚು. ಆಗ 230 ಇರಬೇಕಾದಲ್ಲಿ 300 ದಾಟಬಹುದು. ಹುಡುಕುತ್ತ ಕೂಡಬೇಡಿ. ಮೇನ್ ಆಫ್ ಮಾಡಿ ಜೆಸ್ಕಾಂಗೆ 1912ಕ್ಕೆ ಫೋನ್ ಮಾಡಿ.

ಕೇಬಲ್

ಮೆನು ಗಟ್ಟಿಯಾಗಿ ನಿಂತು ಚಿತ್ರ ಮಾತ್ರ ಕುಣಿದರೆ ಮೊದಲು ಕೈ ಹಾಕಬೇಕಾದದ್ದು ಇಲ್ಲಿ. ಚಿತ್ರ ಕಾಣುತ್ತಿರುವಾಗಲೇ ಕೇಬಲ್ಲನ್ನು ಎರಡೂ ತುದಿಗಳಲ್ಲಿ ಮೆಲ್ಲಗೆ ಅಲುಗಿಸಿ. ಯಾವ ತುದಿ ಅಲುಗಿದಾಗ ಚಿತ್ರ ಹಾರುತ್ತದೋ ದೋಷ ಅಲ್ಲಿದೆ.

ಹಳೆಯ ಮಾನಿಟರುಗಳಿಗೆ ನೀಲಿ ತಲೆಯ ವಿಜಿಎ ಕೇಬಲ್ ಇರುತ್ತದೆ. ಅದರ ಎರಡು ಸ್ಕ್ರೂಗಳನ್ನು ಬಿಗಿಮಾಡದೇ ಬಿಡುವವರೇ ಹೆಚ್ಚು. ಟೇಬಲ್ ಒರೆಸುವಾಗ, ಸಿಪಿಯು ಸರಿಸುವಾಗ ಅದು ಕೂದಲೆಳೆಯಷ್ಟು ಹೊರಗೆ ಬಂದರೂ ಸಾಕು. ಕಿತ್ತು ಬೆಳಕಿಗೆ ಹಿಡಿದು ಪಿನ್ನುಗಳನ್ನು ನೋಡಿ. ಮೂರು ಸಾಲು, ಸಾಲಿಗೆ ಐದು ಪಿನ್. ಯಾವುದಾದರೂ ಬಾಗಿ ಪಕ್ಕದ್ದಕ್ಕೆ ಒರಗಿದ್ದರೆ ಸಣ್ಣ ಚಿಮಟಿಗೆಯಿಂದ ನಿಧಾನವಾಗಿ ನೆಟ್ಟಗೆ ಮಾಡಿ, ಒಂದೇ ಸಲ ಎಳೆದರೆ ಮುರಿಯುತ್ತದೆ. ಕೆಲವು ಕೇಬಲ್ಲುಗಳಲ್ಲಿ ಒಂದೆರಡು ಪಿನ್ ಕಾರ್ಖಾನೆಯಲ್ಲೇ ಹಾಕಿರುವುದಿಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ.

ವಿಜಿಎಯ ಒಂದು ಅನುಕೂಲ ಏನೆಂದರೆ ಕೆಟ್ಟ ಪಿನ್ ಯಾವುದೆಂದು ಬಣ್ಣವೇ ಹೇಳುತ್ತದೆ. ಮೊದಲ ಪಿನ್ ಕೆಂಪು, ಎರಡನೆಯದು ಹಸಿರು, ಮೂರನೆಯದು ನೀಲಿ. ಪರದೆ ಪೂರ್ತಿ ಹಳದಿಗೆ ತಿರುಗಿದರೆ ನೀಲಿ ಬರುತ್ತಿಲ್ಲ. ಗುಲಾಬಿ ನೇರಳೆಯಾದರೆ ಹಸಿರು ಕಡಿದಿದೆ. ಹಸಿರು ನೀಲಿ ಬೆರೆತ ಬಣ್ಣವಾದರೆ ಕೆಂಪು ಇಲ್ಲ. ಪ್ಯಾನೆಲ್ (ಚಿತ್ರ ಮೂಡಿಸುವ ಪರದೆಯ ಭಾಗ) ಹೋಯಿತೆಂದು ಹೇಳಿ ಕಳಿಸಿದ ಹಳದಿ ಪರದೆಗಳು ಬರೀ ಕೇಬಲ್ ಬದಲಿಸಿ ಸರಿಹೋಗುವುದುಂಟು.

ಎಚ್‌ಡಿಎಂಐಯಲ್ಲಿ ಸಾಮಾನ್ಯವಾಗಿ ಬಣ್ಣ ಹೀಗೆ ಹೋಗುವುದಿಲ್ಲ. ಅದು ಡಿಜಿಟಲ್ ಆದ್ದರಿಂದ ಪರದೆ ಪೂರ್ತಿ ಕಪ್ಪಾಗಿ ಒಂದೆರಡು ಸೆಕೆಂಡಿಗೆ ಬರುತ್ತದೆ, ಅಥವಾ ಬಿಳಿ ಚುಕ್ಕೆಗಳು ಮಿಂಚುತ್ತವೆ. ಸ್ಕ್ರೂ ಇಲ್ಲದ ಕಾರಣ ಕೇಬಲ್ಲಿನ ಭಾರಕ್ಕೇ ಪೋರ್ಟ್ ಸಡಿಲಾಗುತ್ತದೆ. ಕೇಬಲ್ ಕೆಳಗೆ ಜೋತಾಡದಂತೆ ಟೇಬಲ್ಲಿಗೆ ಕಟ್ಟಿ. ಡಿಸ್‌ಪ್ಲೇಪೋರ್ಟ್ ಆದರೆ ತಲೆಯ ಮೇಲಿನ ಒತ್ತುಗುಂಡಿ ಅದುಮಿಯೇ ಎಳೆಯಬೇಕು, ಬಲವಂತ ಮಾಡಿದರೆ ಪೋರ್ಟ್ ಕಿತ್ತುಬರುತ್ತದೆ.

ಈಗ ನಮ್ಮಲ್ಲಿ ಬಹಳ ಕಾಣುವುದು ಕನ್ವರ್ಟರ್ ದೋಷ. ಹೊಸ ಸಿಪಿಯುಗೆ ವಿಜಿಎ ಇಲ್ಲ, ಹಳೆ ಮಾನಿಟರಿಗೆ ಎಚ್‌ಡಿಎಂಐ ಇಲ್ಲ, ನಡುವೆ ಒಂದು ಅಗ್ಗದ ಡಬ್ಬಿ. ಅದು ಬಿಸಿಯಾಗಿ ಚಿತ್ರ ಬಿಡುತ್ತದೆ. ಮಾನಿಟರ್ ಕೈಕೊಟ್ಟಿತು ಎನ್ನುವ ಮೊದಲು ಅದನ್ನು ಮುಟ್ಟಿ ನೋಡಿ. ಕೈ ಸುಡುವಂತಿದ್ದರೆ ಬೇರೆ ಕನ್ವರ್ಟರ್ ಹಾಕಿ. ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವ ಕನ್ವರ್ಟರ್ ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ, ಕೊಳ್ಳುವಾಗ ದಿಕ್ಕು ಹೇಳಿ ತಗೊಳ್ಳಿ.

ಕಂಪ್ಯೂಟರ್

ಸಿಪಿಯುನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರಿನ ಕೇಬಲ್ ಆ ಕಾರ್ಡಿಗೇ ಹೋಗಿರಬೇಕು. ಮದರ್‌ಬೋರ್ಡಿನ ಪೋರ್ಟಿಗೆ ಸಿಕ್ಕಿಸಿದರೆ ಎಷ್ಟೋ ಯಂತ್ರಗಳಲ್ಲಿ ಬರೀ ಕಪ್ಪು.

ವಿಂಡೋಸ್ ಬಂದ ಮೇಲೆ ಮಿಣುಕುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಉಳಿದದ್ದೆಲ್ಲ ಕುಣಿದು ಟಾಸ್ಕ್ ಮ್ಯಾನೇಜರ್ ಮಾತ್ರ ನಿಂತಿದ್ದರೆ ಯಾವುದೋ ಒಂದು ಪ್ರೋಗ್ರಾಂ ತೊಂದರೆ ಕೊಡುತ್ತಿದೆ. ಇತ್ತೀಚೆಗೆ ಹಾಕಿದ್ದನ್ನು ಅಪ್‌ಡೇಟ್ ಮಾಡಿ, ಇಲ್ಲವೇ ತೆಗೆದುಹಾಕಿ. ಟಾಸ್ಕ್ ಮ್ಯಾನೇಜರೂ ಕುಣಿದರೆ ಡಿಸ್‌ಪ್ಲೇ ಡ್ರೈವರ್ ಕಡೆ ನೋಡಿ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಜೊತೆ ಬಿ ಒತ್ತಿದರೆ ಒಂದು ಬೀಪ್ ಬಂದು ಡ್ರೈವರ್ ಮತ್ತೆ ಶುರುವಾಗುತ್ತದೆ. ತೆರೆದ ಫೈಲುಗಳಿಗೆ ಏನೂ ಆಗುವುದಿಲ್ಲ, ಕಪ್ಪು ಪರದೆ ಬಂದಾಗ ಮೊದಲು ಇದನ್ನೇ ಒತ್ತಿ.

ಅಪ್‌ಡೇಟ್ ಆದ ಮರುದಿನವೇ ಮಿಣುಕು ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ತೆರೆದು, ಪ್ರಾಪರ್ಟೀಸ್‌ನ ಡ್ರೈವರ್ ಭಾಗದಲ್ಲಿ "ರೋಲ್ ಬ್ಯಾಕ್" ಕೊಡಿ. ಆ ಬಟನ್ ಮಂಕಾಗಿದ್ದರೆ ಡ್ರೈವರ್ ತೆಗೆದು, ತಯಾರಕರ ತಾಣದಿಂದಲೇ ಇಳಿಸಿ ಹಾಕಿ. ಸಿಕ್ಕಸಿಕ್ಕ ಡ್ರೈವರ್ ಅಪ್‌ಡೇಟರ್ ಪ್ರೋಗ್ರಾಂಗಳ ಸಹವಾಸ ಬೇಡ.

ರಿಫ್ರೆಶ್ ರೇಟ್ ನೋಡಲು ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. ಸಾಧಾರಣ ಮಾನಿಟರಿಗೆ 60 ಹರ್ಟ್ಜ್ ಇಡಿ. 75 ಅಥವಾ 144 ಇಟ್ಟಾಗ ಚಿತ್ರ ಹೋಗಿ, 60ರಲ್ಲಿ ನಿಂತರೆ ಕೇಬಲ್ ಅಷ್ಟನ್ನು ಹೊರಲಾರದು ಎಂದೂ ಅರ್ಥವಾಗಬಹುದು. ಗೇಮ್ ಆಡುವ ಮಾನಿಟರುಗಳಲ್ಲಿ ಫ್ರೀಸಿಂಕ್ (ಗೇಮಿನ ವೇಗಕ್ಕೆ ತಕ್ಕಂತೆ ರಿಫ್ರೆಶ್ ರೇಟ್ ಬದಲಿಸುವ ಸೌಲಭ್ಯ) ಆನ್ ಇದ್ದು, ಕತ್ತಲೆ ದೃಶ್ಯದಲ್ಲಿ ಮಾತ್ರ ಬೆಳಕು ಅಲುಗಿದರೆ ಅದನ್ನು ಆಫ್ ಮಾಡಿ ನೋಡಿ.

ಸಿಪಿಯು ಫ್ಯಾನ್ ತಿರುಗುತ್ತದೆ, ಆದರೆ ಶುರುವಿನಿಂದಲೇ ಚಿತ್ರವಿಲ್ಲ ಎಂದರೆ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ನೋಡಿ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಪುಡಿ ಊದಿ, ಎರಡೂ ಕಡೆ ಕ್ಲಿಪ್ ಬೀಳುವ ಹಾಗೆ ಕೂರಿಸಿ. ಕಪನೂರ ಕಡೆಯ ಬೇಳೆ ಮಿಲ್ಲುಗಳ ಆಫೀಸಿನಲ್ಲಿ, ಸೇಡಂ, ವಾಡಿಯ ಸಿಮೆಂಟ್ ಫ್ಯಾಕ್ಟರಿಗಳ ಸುತ್ತ, ಶಹಾಬಾದ್ ಕಲ್ಲಿನ ಪಾಲಿಶ್ ನಡೆಯುವ ಕಡೆ ಧೂಳು ಸಿಪಿಯು ಒಳಗೆ ಪದರಗಟ್ಟಿ ಕೂರುತ್ತದೆ. ಅಂಥಲ್ಲಿ ಇದನ್ನು ಚಿತ್ರ ಹೋಗುವವರೆಗೆ ಕಾಯದೆ ಆಗಾಗ ಮಾಡಬೇಕು.

ಮಾನಿಟರಿನ ಒಳಗೆ

ದೀಪ ಉರಿಯುತ್ತಿದೆ, ಕಂಪ್ಯೂಟರಿನ ಸದ್ದು ಕೇಳುತ್ತಿದೆ, ಪರದೆ ಮಾತ್ರ ಕಪ್ಪು. ಕೋಣೆ ಕತ್ತಲೆ ಮಾಡಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹತ್ತಿರ ಹಿಡಿಯಿರಿ. ಐಕಾನುಗಳು ಮಸುಕಾಗಿ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು, ಅಂದರೆ ಬ್ಯಾಕ್‌ಲೈಟ್ ಮಾತ್ರ ಹೋಗಿದೆ. ಹಳೆಯ ಮಾನಿಟರುಗಳಲ್ಲಿ ಇದು ಸಣ್ಣ ಟ್ಯೂಬ್‌ಲೈಟಿನಂಥ ದೀಪ. ಆನ್ ಮಾಡಿ ಎರಡು ಸೆಕೆಂಡ್ ಚಿತ್ರ ತೋರಿಸಿ ಕಪ್ಪಾಗುವುದು ಈ ದೀಪ ಅಥವಾ ಅದಕ್ಕೆ ಕರೆಂಟ್ ಕೊಡುವ ಇನ್ವರ್ಟರ್ ಬೋರ್ಡ್ ಕೆಟ್ಟದ್ದರ ಸಾಮಾನ್ಯ ಗುರುತು. ಹೊಸವುಗಳಲ್ಲಿ ಎಲ್‌ಇಡಿ ಪಟ್ಟಿ ಇರುತ್ತದೆ.

ಆನ್ ಮಾಡಿದಾಗ ಮಿಣುಕಿ, ಕಾದ ಮೇಲೆ ನಿಲ್ಲುವುದು, ದಿನ ಹೋದಂತೆ ಕಾಯುವ ಹೊತ್ತು ಜಾಸ್ತಿಯಾಗುವುದು ಪವರ್ ಬೋರ್ಡಿನ ಕೆಪಾಸಿಟರ್ (ಕರೆಂಟ್ ಹಿಡಿದಿಟ್ಟು ಸಮ ಮಾಡುವ ಸಣ್ಣ ಡಬ್ಬಿಯಂಥ ಭಾಗ) ಸೋತ ಲಕ್ಷಣ. ಒಳ್ಳೆಯ ಕೆಪಾಸಿಟರಿನ ನೆತ್ತಿ ಚಪ್ಪಟೆಯಾಗಿ, ಅದರ ಮೇಲೆ ಕತ್ತರಿಸಿದ ಗೆರೆ ಸ್ವಚ್ಛವಾಗಿ ಕಾಣುತ್ತದೆ. ಸೋತದ್ದರ ನೆತ್ತಿ ಉಬ್ಬಿರುತ್ತದೆ, ಗೆರೆ ಬಿರಿದು ಕಂದು ಬಣ್ಣದ ಹಕ್ಕಳೆ ಕಟ್ಟಿರುತ್ತದೆ. ಬಿಸಿ ಹತ್ತು ಡಿಗ್ರಿ ಏರಿದರೆ ಇವುಗಳ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೊರಗೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ತಗಡಿನ ಸೂರಿನ ಕೋಣೆಯಲ್ಲಿ, ಗೋಡೆಗೆ ಅಂಟಿಸಿಟ್ಟ ಮಾನಿಟರಿನ ಒಳಗೆ ಎಷ್ಟು ಬಿಸಿ ಇರಬಹುದು ಯೋಚಿಸಿ. ಹಿಂದೆ ನಾಲ್ಕು ಬೆರಳು ಜಾಗ ಬಿಡಿ, ಗಾಳಿಯ ಕಿಂಡಿಗಳ ಮೇಲೆ ಬಟ್ಟೆ ಹೊದಿಸಬೇಡಿ. ಕೂಲರಿನ ಒದ್ದೆ ಗಾಳಿ ನೇರವಾಗಿ ಹೊಡೆಯುವ ಹಾಗೂ ಇಡಬೇಡಿ.

ಕೆಪಾಸಿಟರ್ ಬದಲಾವಣೆ ದೊಡ್ಡ ಖರ್ಚಲ್ಲ. ಹೊಸದರ ಮೈಕ್ರೋಫ್ಯಾರಡ್ ಮೊದಲಿನಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚು ಇರಬೇಕು, 105 ಡಿಗ್ರಿ ಎಂದು ಬರೆದದ್ದೇ ಬೇಕು. ಆದರೆ ಸೋಲ್ಡರಿಂಗ್ ಬಲ್ಲವರಲ್ಲದೆ ಯಾರೂ ಹಿಂಬದಿ ಬಿಚ್ಚಬೇಡಿ. ಅಲ್ಲಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಹಳೆಯ ಡಬ್ಬಿ ಮಾನಿಟರ್ ಆದರಂತೂ ಒಳಗೆ ಸಾವಿರಾರು ವೋಲ್ಟ್, ಅದನ್ನು ತೆರೆಯಲೇಬೇಡಿ. ಅಡಾಪ್ಟರ್ ಹೊರಗಿರುವ ಮಾನಿಟರಿಗೆ ಮಾತ್ರ ಸುಲಭದ ದಾರಿ ಇದೆ: ಅದೇ ವೋಲ್ಟ್, ಅಷ್ಟೇ ಅಥವಾ ಹೆಚ್ಚಿನ ಆಂಪಿಯರ್, ಅದೇ ಪಿನ್ ಇರುವ ಇನ್ನೊಂದು ಅಡಾಪ್ಟರ್ ಹಾಕಿ ನೋಡಿ.

ಉದ್ದ ಗೆರೆ ಬಿದ್ದು ಅಲ್ಲೇ ನಿಂತಿದ್ದರೆ, ಪರದೆಯ ಅರ್ಧ ಭಾಗ ಮಾತ್ರ ಕಾಣುತ್ತಿದ್ದರೆ, ಚೌಕಟ್ಟು ಒತ್ತಿದಾಗ ಗೆರೆ ಬಂದು ಹೋಗಿ ಮಾಡಿದರೆ ಪ್ಯಾನೆಲ್ಲಿನದೇ ದೋಷ. ಹಳೆಯ ಮಾನಿಟರಿಗೆ ಪ್ಯಾನೆಲ್ ಹಾಕಿಸುವುದು ಲಾಭದ ಮಾತಲ್ಲ.

ದೋಷವೆನಿಸಿದರೂ ದೋಷವಲ್ಲದ ಎರಡು

ಬ್ರೈಟ್‌ನೆಸ್ ಇಳಿಸಿದಾಗ ಮಾತ್ರ ಕಣ್ಣು ಉರಿದು, ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ಪಟ್ಟಿಗಳು ಕಂಡರೆ, ಆ ಮಾನಿಟರ್ ಬ್ಯಾಕ್‌ಲೈಟನ್ನು ವೇಗವಾಗಿ ಆರಿಸಿ ಹತ್ತಿಸಿ ಬೆಳಕು ತಗ್ಗಿಸುವ ಬಗೆಯದು. ಮಾನಿಟರಿನ ಬ್ರೈಟ್‌ನೆಸ್ ಏರಿಸಿ, ಕೋಣೆಯ ದೀಪವನ್ನೂ ಹತ್ತಿಸಿ ಕೆಲಸ ಮಾಡಿ.

ಇನ್ನೊಂದು ಕೇಳಿದರೆ ನಂಬಲಾಗದು, ಆದರೆ ನಿಜ. ಗ್ಯಾಸ್ ಮೇಲೆ ಏರಿಳಿಯುವ ಆಫೀಸ್ ಕುರ್ಚಿಯಿಂದ ಎದ್ದಾಗ ಅಥವಾ ಕೂತಾಗ ಹುಟ್ಟುವ ಸ್ಥಿರ ವಿದ್ಯುತ್ತು ವಿಡಿಯೋ ಕೇಬಲ್ಲಿಗೆ ತಾಗಿ ಪರದೆ ಕ್ಷಣಕಾಲ ಕಪ್ಪಾಗುತ್ತದೆ. ಚಳಿಗಾಲದ ಒಣ ಹವೆಯಲ್ಲಿ ಹೆಚ್ಚು. ಎದ್ದಾಗಲೇ ಹೀಗಾಗುತ್ತಿದ್ದರೆ ಒಳ್ಳೆಯ ಶೀಲ್ಡ್ ಇರುವ, ಗಿಡ್ಡ ಕೇಬಲ್ ಹಾಕಿ.

ರಿಪೇರಿಗೆ ಒಯ್ಯುವಾಗ

ಪರದೆ ಎರಡು ದಿಂಬುಗಳ ನಡುವೆ ಇರಲಿ, ಬೈಕಿನ ಮೇಲೆ ಪರದೆ ಒಳಮುಖವಾಗಿ ಹಿಡಿಯಿರಿ, ಗಾಜಿಗೆ ಬೆರಳು ಒತ್ತದಂತೆ. ನಿಮ್ಮದೇ ಪವರ್ ಕೇಬಲ್, ಅಡಾಪ್ಟರ್, ವಿಡಿಯೋ ಕೇಬಲ್ ಜೊತೆಗೆ ಒಯ್ಯಿರಿ. ಬರೆದಿಟ್ಟ ಚೀಟಿ ಕೊಟ್ಟು "ಮೆನು ಕೂಡ ಮಿಣುಕತದ, ಬೇರೆ ಸಾಕೆಟ್, ಬೇರೆ ಕೇಬಲ್ ಹಾಕಿ ನೋಡೀನ್ರಿ" ಎಂದು ಹೇಳಿದರೆ ಅವರು ನೇರವಾಗಿ ಪವರ್ ಬೋರ್ಡಿಗೆ ಹೋಗುತ್ತಾರೆ. ವಾರಂಟಿ ಇದ್ದರೆ ಹೊರಗೆ ಬಿಚ್ಚಿಸಬೇಡಿ, ಕಂಪನಿಯ ಸರ್ವಿಸ್ ಸೆಂಟರಿಗೇ ಕೊಡಿ.

ಯಾವ ಭಾಗ ಬದಲಿಸಿದರು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ತೆಗೆದ ಹಳೆಯ ಭಾಗ ಕೇಳಿ ಪಡೆಯಿರಿ. ಮನೆಗೆ ತರುವ ಮೊದಲು ಅಂಗಡಿಯಲ್ಲೇ, ನಿಮ್ಮ ಕೇಬಲ್ ಹಾಕಿ, ಕನಿಷ್ಠ ಒಂದು ತಾಸು ಪೂರ್ತಿ ಬ್ರೈಟ್‌ನೆಸ್‌ನಲ್ಲಿ ನಡೆಸಿ ನೋಡಿ. ನಡುವೆ ಒಮ್ಮೆ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಆನ್ ಮಾಡಿಸಿ.